ಎರಡು ಮಚ್ಚೆಯ ಮುಖ

ಮೈದುನ ಸ್ಟೂಲಿನ ಮೇಲೆ ನಿಂತು ಗೋಡೆಗೆ ಟಿವಿ ಪರದೆ ಸಿಕ್ಕಿಸುತ್ತಿದ್ದಾಗ ಅವಳು ಬಂದು ಪ್ಲಗ್ ಎಳೆದುಹಾಕಿದಳು.

"ಅತ್ತಿಗೆ, ಜನ ಬರೋ ಹೊತ್ತು. ಹಾಕಿ ಅದನ್ನ."

"ನನ್ನ ಮನೇಲಿ ಇದು ಬೇಡ. ಮುಖ ನೋಡೋರು ಮಂಚದ ಮೇಲೆ ನೋಡ್ಲಿ."

ಮಂಚದ ಮೇಲೆ ಅವಳ ಗಂಡ ಬಿಳಿ ಬಟ್ಟೆಯ ಅಡಿಯಲ್ಲಿದ್ದ. ಬೀದಿಯ ಮೂಲೆಯಲ್ಲಿ ಕೂತು ಊರವರ ಬೀಗಗಳನ್ನೆಲ್ಲ ತೆಗೆದುಕೊಟ್ಟವನು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಮುಖದ ಬಲಗಡೆ ಜೋತುಬಿದ್ದಿತ್ತು. ಬೆಳಿಗ್ಗೆ ಆಸ್ಪತ್ರೆಯವರು ಮುಚ್ಚಿ ಕಳಿಸಿದ ಹಾಗೇ ಇದ್ದ; ಬಟ್ಟೆ ಸರಿಸುವ ಧೈರ್ಯ ಅವಳಿಗೆ ಇನ್ನೂ ಬಂದಿರಲಿಲ್ಲ.

ಕಂಪ್ಯೂಟರಿನೊಳಗೆ ಮನುಷ್ಯರ ಮುಖಕ್ಕೆ ಜೀವ ತುಂಬುವುದು ಮೈದುನನ ಸಂಶೋಧನೆ. ಲಕ್ವ ಹೊಡೆದು ಅಣ್ಣ ಆಸ್ಪತ್ರೆಯಲ್ಲಿದ್ದಾಗ ಒಂದು ದಿನವೂ ತಲೆಹಾಕದವನು, ಮನೆಗೆ ಬಂದ ಮೇಲೆ ಕಾರು ತಂದು ತನ್ನ ಪ್ರಯೋಗಾಲಯಕ್ಕೆ ಕರೆದೊಯ್ದಿದ್ದ. ಅದನ್ನು ಅವಳು ಮರೆತಿರಲಿಲ್ಲ, ಮರೆಯುವ ಇರಾದೆಯೂ ಇರಲಿಲ್ಲ.

"ಹಾಕ್ಲಿ ಬಿಡೇ," ಎಂದಳು ನಾದಿನಿ. "ಆ ಸೊಟ್ಟ ಮುಖ ನೋಡ್ಕೊಂಡು ಹೋಗೋದಕ್ಕಿಂತ ಇದೇ ವಾಸಿ."

"ಆ ಸೊಟ್ಟ ಮುಖಕ್ಕೆ ಎರಡು ವರ್ಷ ತುತ್ತಿಟ್ಟವಳು ನಾನು."

*

ಆವತ್ತು ಪ್ರಯೋಗಾಲಯದಲ್ಲಿ ಗಂಡನ ಸುತ್ತ ಕ್ಯಾಮೆರಾಗಳ ಬೇಲಿಯೇ ಇತ್ತು. ಮುಖದ ತುಂಬ ಮಸಿಯ ಚುಕ್ಕಿ. ಕೆನ್ನೆ ಉಬ್ಬಿಸಿ ಎಂದರು, ನಗಿ ಎಂದರು. ಅವನು ನಕ್ಕ; ಎಡಗಡೆ ಏರಿತು, ಬಲಗಡೆ ಇದ್ದಲ್ಲೇ ಇತ್ತು. ತುಟಿಯ ಕೊನೆಯಲ್ಲಿ ಇಳಿದ ಜೊಲ್ಲನ್ನು ಅವಳು ಎಂದಿನಂತೆ ಒರೆಸಿದಳು.

"ಅತ್ತಿಗೆ, ಚುಕ್ಕಿ ಅಳಿಸಿಬಿಟ್ರಿ," ಎಂದು ಮೈದುನ ರೇಗಿದ.

ಲಕ್ವ ಹೊಡೆದ ಮೇಲೆ ಫೋಟೋ ಎಂದರೆ ಮುಖ ತಿರುಗಿಸುತ್ತಿದ್ದವನು ಅಲ್ಲಿ ಮಾತ್ರ ಹೇಳಿದಂತೆ ಕೇಳಿದ. ವಾಪಸು ಬರುವಾಗ ತೊದಲುತ್ತ ಹೇಳಿದ, "ನಾನೇ ಕೇಳಿದ್ದು ಕಣೇ. ಬೀಗದ ಕೈ ಕಚ್ಕೊಂಡು ಕೆಲಸ ಮಾಡ್ತಿದ್ದ ಬಾಯಿ ಇನ್ನೊಂದ್ಸಲ ನೋಡ್ಬೇಕಿತ್ತು."

"ಈ ಬಾಯಿಗೆ ಏನಾಗಿದೆ?" ಎಂದವಳು ಕಾರಿನ ಕಿಟಕಿಯತ್ತ ತಿರುಗಿ ಕೂತಳು. ಅವಳಿಗೆ ನಿಜಕ್ಕೂ ಹೊಟ್ಟೆ ಉರಿದಿತ್ತು.

*

ಅವಳು ಒಳಗೆ ನೀರು ತರಲು ಹೋದಾಗ ನಾದಿನಿ ಪ್ಲಗ್ ಹಾಕಿದಳು. ಹೊರಬಂದರೆ ಗೋಡೆಯ ಮೇಲೆ ಗಂಡ ನಗುತ್ತಿದ್ದ, ಬಾಯಿ ನೆಟ್ಟಗೆ. ಬಂದವರೆಲ್ಲ ಮಂಚಕ್ಕೆ ಬೆನ್ನು ಹಾಕಿ ನಿಂತಿದ್ದರು.

"ಎದ್ದು ಬಂದ ಹಾಗೇ ಇದೆ," ಎಂದ ಪಕ್ಕದಂಗಡಿಯ ದರ್ಜಿ.

ಅವಳು ಪರದೆಯ ಹತ್ತಿರ ಹೋಗಿ ದಿಟ್ಟಿಸಿದಳು.

"ನಿಮ್ಮಣ್ಣಂಗೆ ಎಷ್ಟು ಮಚ್ಚೆ ಇತ್ತೋ?"

"ಒಂದು. ಎಡಗೆನ್ನೆ ಮೇಲೆ."

"ಇಲ್ಲಿ ಎರಡಿದೆ."

ದರ್ಜಿಗೆ ನಗು ಬಂತು, ಕೆಮ್ಮಿದಂತೆ ಮಾಡಿದ. ಮೈದುನನ ಮುಖ ಇಂಗು ತಿಂದ ಮಂಗನಂತಾಯಿತು.

"ಚೆನ್ನಾಗಿರೋ ಎಡಗಡೇನೇ ತಿರುಗಿಸಿ ಬಲಗಡೆಗೆ ಕೂರಿಸಿದ್ದು," ಎಂದ. "ಮಚ್ಚೆ ಗಮನಕ್ಕೆ ಬರಲಿಲ್ಲ."

"ಅಂದ್ರೆ ಅರ್ಧ ಮುಖಾನೇ ಎರಡು ಸಲ ಅಂಟಿಸಿದ್ದೀಯ. ನನ್ನ ಜೊತೆ ಇದ್ದದ್ದು ಇವನಲ್ಲ. ಎಲ್ಲಾರೂ ಈ ಕಡೆ ತಿರುಗಿ, ಇಲ್ನೋಡಿ."

ಸಿಟ್ಟಿನಲ್ಲಿ ಧೈರ್ಯ ತಾನಾಗಿ ಬಂತು. ಬಟ್ಟೆಯನ್ನು ಸರಕ್ಕನೆ ಸರಿಸಿದಳು.

ಬಾಯಿ ನೆಟ್ಟಗಿತ್ತು. ಜೀವ ಹೋದ ಮೇಲೆ ಎಡಗಡೆಯೂ ಸಡಿಲಾಗಿ ಬಲಗಡೆಗೆ ಸಮವಾಗಿತ್ತು. ಎರಡು ವರ್ಷ ಅವಳು ಒರೆಸಿದ ಆ ಸೊಟ್ಟ ಎಲ್ಲೂ ಇರಲಿಲ್ಲ.

"ನೋಡು, ದೇವರೇ ಸರಿಮಾಡಿದ್ದಾನೆ," ಎಂದಳು ನಾದಿನಿ.

ಅವಳು ಮೈದುನನ ಕಡೆ ತಿರುಗಿದಳು. ಆ ಬೆಳಿಗ್ಗೆ ಮೊದಲ ಸಲ ಅವಳ ದನಿ ಇಳಿದಿತ್ತು.

"ಆವತ್ತು ಫೋಟೋ ತೆಗೆದಿದ್ರಲ್ಲ. ಆ ಬಲಗಡೆದು ಇದ್ಯಾ ನಿನ್ನ ಹತ್ರ?"

ಅವನು ವೈರನ್ನು ಬೆರಳಿಗೆ ಸುತ್ತಿಕೊಂಡ. "ಇಲ್ಲ ಅತ್ತಿಗೆ. ಕಂಪ್ಯೂಟರ್ ಲೆಕ್ಕಕ್ಕೆ ತೊಡಕಾಗ್ತಿತ್ತು. ಆವತ್ತೇ ಅಳಿಸಿಬಿಟ್ವಿ."

ಹೊರಗೆ ವ್ಯಾನು ಬಂದು ನಿಂತಿತು. ಅವಳು ಸೊಂಟದಿಂದ ಕರವಸ್ತ್ರ ತೆಗೆದು ಒಣಗಿದ್ದ ತುಟಿಯ ಬಲಕೊನೆಯನ್ನು ಒರೆಸಿದಳು. ಆಮೇಲೆ ಹೆಬ್ಬೆರಳು ಅಲ್ಲೇ ಊರಿ, ಎರಡು ವರ್ಷ ಜೋತಿದ್ದಷ್ಟೇ ಕೆಳಗೆ ಎಳೆದು ಹಿಡಿದಳು.

"ಕೈ ತೆಗೀರಮ್ಮ, ಎತ್ತಬೇಕು," ಎಂದರು ವ್ಯಾನಿನವರು.

ಅವರು ಎತ್ತಿದರು. ಹೆಬ್ಬೆರಳು ತೆಗೆಯದೆ ಅವಳೂ ಜೊತೆಗೆ ಬಾಗಿಲ ತನಕ ನಡೆದಳು.