ಜಾಕೆಟ್ಟಿಗೊಂದು ಟ್ರಯಲ್

ನಾನು ದೋಣಿ ಕೊಂಡೆ ಎಂದಾಗ ಮನೆಯಲ್ಲಿ ಮೊದಲು ನಕ್ಕವರು ನಮ್ಮತ್ತೆ. ನೀರಿನ ಪಂಪು, ಮಿಕ್ಸಿ ರಿಪೇರಿ ಮಾಡುವ ಅಂಗಡಿ ನನ್ನದು. ಯಾರೋ ಹಳೇ ಫೈಬರ್ ದೋಣಿಯ ಎಂಜಿನ್ ಕೆಟ್ಟಿದೆ ಬನ್ನಿ ಎಂದು ಕರೆದರು, ಎಂಜಿನ್ ನೋಡಲು ಹೋದವಳು ದೋಣಿಯನ್ನೇ ಕಟ್ಟಿಕೊಂಡು ಬಂದೆ. ಅತ್ತೆ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಇದು ಬಟ್ಟೆ ನೆನೆಹಾಕೋ ಟಬ್ಬಲ್ವೇನೇ ಎಂದರು. ಅಂದಿನಿಂದ ಅದರ ಹೆಸರು ಟಬ್ಬು. ನಮ್ಮವರೂ ನಕ್ಕರು. ಅವರು ಬಸ್ ಕಂಡಕ್ಟರು, ಅಮ್ಮ ಹೇಳಿದ್ದಕ್ಕೂ ಹೂಂ, ಹೆಂಡತಿ ಹೇಳಿದ್ದಕ್ಕೂ ಹೂಂ ಅನ್ನುವ ಆಸಾಮಿ. ನಾನು ತಿರುಗಿ ನೋಡಿದ ಕೂಡಲೇ ನಗು ನಿಲ್ಲಿಸಿದರು.

ಅತ್ತೆಯ ನಗು ನಿಂತದ್ದು ಬೇರೆ ಕಾರಣಕ್ಕೆ. ಟಬ್ಬಿನಲ್ಲಿ ಕೂತರೆ ಹಿನ್ನೀರು ದಾಟಿ ಆಚೆ ದಡ ಸೇರಲು ಒಂದು ಗಂಟೆಯೂ ಬೇಡ ಎಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ. ಆಚೆ ದಡದಲ್ಲಿ ಅವರ ಅಕ್ಕ ಇದ್ದಾರೆ. ರಸ್ತೆಯಲ್ಲಿ ಹೋಗುವುದಾದರೆ ಅಣೆಕಟ್ಟು ಸುತ್ತಿಕೊಂಡು ಇಡೀ ದಿನ ಬಸ್ಸಿನಲ್ಲಿ ಕುಲುಕಬೇಕು. ಅತ್ತೆಯ ಬೆನ್ನುಹುರಿಯ ತೊಂದರೆಗೆ ಡಾಕ್ಟರು ಬಸ್ಸಿನ ಹೆಸರೇ ಎತ್ತಬೇಡಿ ಎಂದಿದ್ದರು. ಮಗ ಊರಿಗೆಲ್ಲ ಟಿಕೆಟ್ ಹರಿಯುತ್ತಾನೆ, ಅವನಮ್ಮ ಮಾತ್ರ ಬಸ್ ಹತ್ತುವಂತಿಲ್ಲ. ಅಕ್ಕತಂಗಿ ದಿನಾ ಫೋನಿನಲ್ಲಿ ಮಾತಾಡುತ್ತಿದ್ದರು, ಮುಖ ನೋಡಿ ವರ್ಷಗಳೇ ಆಗಿದ್ದವು. ಈಗ ನೋಡಿದರೆ ಅಕ್ಕನ ಕಣ್ಣಿಗೆ ಏನೋ ಬಂದಿತ್ತು. ಆಪರೇಷನ್ ಮಾಡಿದರೂ ಮಂಜು ತಿಳಿಯಾಗಲಿಲ್ಲ, ದಿನೇದಿನೇ ದಟ್ಟವಾಗುತ್ತಿತ್ತು.

ಅವತ್ತು ಅತ್ತೆ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, "ನನ್ನನ್ನ ಒಂದ್ಸಲ ಕರ್ಕೊಂಡೋಗೇ. ಅವಳ ಕಣ್ಣು ಪೂರ್ತಿ ಹೋಗೋದ್ರೊಳಗೆ ನನ್ನ ಮುಖ ಒಂದ್ಸಲ ಅವಳಿಗೆ ತೋರಿಸ್ಬೇಕು" ಎಂದರು. ಅತ್ತೆ ನನ್ನ ಹತ್ತಿರ ಏನನ್ನೂ ಕೇಳುವವರಲ್ಲ, ಹೇಳುವವರು. ಆಯ್ತು ಎಂದೆ. ಡಾಕ್ಟರನ್ನು ಕೇಳಿದ್ದಕ್ಕೆ, ನೀರು ಸುಮ್ಮನಿರುವಾಗ ನಿಧಾನಕ್ಕೆ ಹೋಗುವುದಾದರೆ ಅಡ್ಡಿಯಿಲ್ಲ ಎಂದರು.

ಆದರೆ ಗಾಳಿಯ ಕಾಲ ಹತ್ತಿರ ಬರುತ್ತಿತ್ತು. ಅದು ಶುರುವಾಯಿತೆಂದರೆ ಹಿನ್ನೀರಿನಲ್ಲಿ ಆಳೆತ್ತರದ ಅಲೆ ಏಳುತ್ತದೆ, ಟಬ್ಬಿಗೆ ಟಾರ್ಪಾಲು ಹೊದಿಸಿ ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಕೂರಬೇಕು. ಅಷ್ಟರಲ್ಲಿ ಅಕ್ಕನ ಕಣ್ಣು ಉಳಿದಿರುತ್ತದೋ ಇಲ್ಲವೋ ಯಾರು ಕಂಡರು. ಹಾಗಾಗಿ ನಾನು ಅಂಗಡಿಗೆ ಅರ್ಧ ಬಾಗಿಲು ಹಾಕಿ ಎಂಜಿನ್ನಿಗೆ ಕೈ ಹಾಕಿದೆ. ಹಳಸಿದ ಪೆಟ್ರೋಲು ಸುರಿದು ಹೊಸದು ತುಂಬಿದೆ, ಕಾರ್ಬ್ಯುರೇಟರ್ ಬಿಚ್ಚಿ ತೊಳೆದೆ, ಕೊಳೆತ ಹಗ್ಗಗಳನ್ನೆಲ್ಲ ಬದಲಾಯಿಸಿದೆ.

ದೋಣಿಯ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟೇ. ದೋಣಿಯ ಹಿಂಭಾಗದಲ್ಲಿ ಒಂದು ತೂತು ಇರುತ್ತದೆ, ದಡದಲ್ಲಿ ನಿಲ್ಲಿಸಿದಾಗ ಮಳೆನೀರು ಹರಿದುಹೋಗಲು. ನೀರಿಗಿಳಿಸುವ ಮೊದಲು ಅದಕ್ಕೆ ಬಿರಡೆ ಹಾಕಬೇಕು. ಎಂಥೆಂಥ ಜಾಣರೂ ಮರೆಯುವುದು ಅದನ್ನೇ. ಗಂಡ ಹಾಕಿದ್ದಾನೆ ಅಂತ ಹೆಂಡತಿ, ಹೆಂಡತಿ ಹಾಕಿದ್ದಾಳೆ ಅಂತ ಗಂಡ, ನಡುನೀರಿನಲ್ಲಿ ಕಾಲು ಒದ್ದೆಯಾದಾಗ ಇಬ್ಬರೂ ಮುಖ ಮುಖ ನೋಡಿಕೊಳ್ಳುತ್ತಾರೆ. ನಾನು ಬಿರಡೆಯನ್ನೂ ಎಂಜಿನ್ ಕೀಲಿಯನ್ನೂ ಒಂದೇ ದಾರಕ್ಕೆ ಕಟ್ಟಿದ್ದೇನೆ. ಬಿರಡೆಯನ್ನು ದಾರದಿಂದ ಬಿಚ್ಚಿ ತೂತಿಗೆ ಹಾಕದೆ ಕೀಲಿ ಕೈಗೆ ಬರುವುದಿಲ್ಲ. ಪೆಟ್ರೋಲ್ ಟ್ಯಾಂಕಿನ ಪೆಟ್ಟಿಗೆ ತೆಗೆದು ಗಾಳಿಯಾಡಲು ಬಿಟ್ಟು, ಮೂಗಿಟ್ಟು ವಾಸನೆ ನೋಡದೆ ಸ್ಟಾರ್ಟ್ ಮಾಡುವುದಿಲ್ಲ, ಒಳಗೆ ಆವಿ ನಿಂತಿದ್ದರೆ ಒಂದು ಕಿಡಿ ಸಾಕು. ಹೋಗಲು ಎಷ್ಟು ಪೆಟ್ರೋಲು ಬೇಕೋ ಅಷ್ಟು, ಬರಲು ಅಷ್ಟು, ಗ್ರಹಚಾರಕ್ಕೆ ಅಷ್ಟು. ನಮ್ಮವರು ಇದನ್ನೆಲ್ಲ ಕೇಳಿ, ನಮ್ಮ ಡಿಪೋ ಮ್ಯಾನೇಜರೇ ವಾಸಿ ಎಂದರು. ಅನ್ನಲಿ ಬಿಡಿ.

ದೋಣಿಯ ಜೊತೆ ನಾಲ್ಕು ಹಳೇ ಲೈಫ್ ಜಾಕೆಟ್ ಬಂದಿದ್ದವು. ಸೀಟಿನ ಕೆಳಗೆ ಬಿದ್ದು ಬೂಷ್ಟು ಹಿಡಿದಿದ್ದವು. ಬಿಸಿಲಿಗೆ ಹಾಕೋಣ ಎಂದು ನಮ್ಮವರು ಮನೆಗೆ ಒಯ್ದರು. ಅಲ್ಲಿಂದ ಅವು ಅತ್ತೆಯ ಹೊಲಿಗೆ ಕೋಣೆ ಸೇರಿದವು. ಅತ್ತೆ ಈ ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದವರು. ಬಾಗಿಲು ಹಾಕಿಕೊಂಡು ಮೆಷಿನ್ ತುಳಿಯುತ್ತಿದ್ದರು, ಕೇಳಿದರೆ ನಿನಗ್ಯಾಕೆ ಅದೆಲ್ಲ, ನಿನ್ನ ಎಂಜಿನ್ ನೋಡ್ಕೋ ಎನ್ನುತ್ತಿದ್ದರು. ನಾನೂ ಹೊಸ ದಾರ ಹಾಕಿ ಬಕಲ್ ಗಟ್ಟಿ ಮಾಡುತ್ತಿರಬೇಕು ಅಂದುಕೊಂಡೆ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಅತ್ತೆ ದಡದ ಇಳಿಜಾರಿಗೆ ಅವುಗಳನ್ನು ಗಂಟು ಕಟ್ಟಿ ತಂದರು. ಬಿಚ್ಚಿದರೆ ನನಗೆ ಗುರುತೇ ಸಿಗಲಿಲ್ಲ. ಕಿತ್ತಳೆ ಬಣ್ಣ ಮಾಯವಾಗಿ, ಮೇಲೆಲ್ಲ ಶಾಯಿ ನೀಲಿ ಬಟ್ಟೆ, ಅಂಚಿಗೆ ಪೈಪಿಂಗು, ಕರ್ಚೀಫಿಗೊಂದು ಜೇಬು. ಮುಟ್ಟಿದರೆ ಮೆತ್ತಗಿತ್ತು. ಹೇಗಿದೆ ಎಂದು ಅತ್ತೆ ಕತ್ತು ಓರೆ ಮಾಡಿ ಕೇಳಿದರು. ಮದುವೆಮನೆಗೂ ಹಾಕಿಕೊಂಡು ಹೋಗಬಹುದಿತ್ತು, ಅಷ್ಟು ಚೆನ್ನಾಗಿತ್ತು ಕೆಲಸ. ನಾನು ಮಾತ್ರ ಅದನ್ನು ಮತ್ತೊಮ್ಮೆ ಒತ್ತಿ ನೋಡಿದೆ.

ತೇಲುತ್ತದೆ ಎನ್ನುವ ಯಾವ ವಸ್ತುವನ್ನೂ ನೀರಿಗೆ ಹಾಕಿ ನೋಡದೆ ನಾನು ನಂಬುವವಳಲ್ಲ. ಒಂದು ಜಾಕೆಟ್ ತೆಗೆದು ನೀರಿಗೆ ಎಸೆದೆ. ಮೊದಲು ತೇಲಿತು. ಅತ್ತೆ ನೋಡು ಅನ್ನುವ ಹಾಗೆ ಮಗನ ಕಡೆ ನೋಡಿದರು. ಆಮೇಲೆ ಅದರ ಒಂದು ಮೂಲೆ ಬಗ್ಗಿತು, ಇನ್ನೊಂದು ಬಗ್ಗಿತು, ನೋಡನೋಡುತ್ತಿದ್ದಂತೆ ಜೇಬು ಪೈಪಿಂಗು ಸಮೇತ ತಳ ಸೇರಿತು. ನಮ್ಮವರು ಕೊಕ್ಕೆ ಹಾಕಿ ಎತ್ತಿದರು. ಹಿಂಡಿದರೆ ಒಳಗೆಲ್ಲ ಹತ್ತಿ.

ನಾಳೆ ಇದನ್ನೇ ಹಾಕಿಕೊಂಡು ನಡುನೀರಿನಲ್ಲಿ ಕೂರುತ್ತಿದ್ದೆವಲ್ಲ ಅನ್ನಿಸಿತು. ಹೆದರಿಕೆಯಾದಾಗ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಅತ್ತೆ, ಇದು ಜಾಕೆಟ್ಟಲ್ಲ, ಕುತ್ತಿಗೆಗೆ ಕಟ್ಟೋ ಕಲ್ಲು" ಎಂದೆ, ದಡದಲ್ಲಿ ನಾಲ್ಕು ಜನ ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಅತ್ತೆಯ ಮುಖ ಸಪ್ಪಗಾಯಿತು. ಒಳಗಿದ್ದ ಸ್ಪಂಜು ಹಲಗೆಯ ಹಾಗೆ ಗಟ್ಟಿ ಇತ್ತು, ವಾಸನೆ ಬೇರೆ, ಅದಕ್ಕೆ ತೆಗೆದು ಹತ್ತಿ ತುಂಬಿದೆ ಎಂದರು. ಆ ಬಣ್ಣವೋ, ರಸ್ತೆ ಅಗೆಯುವವರ ಅಂಗಿಯ ಹಾಗೆ, ಇಷ್ಟು ವರ್ಷದ ಮೇಲೆ ಅಕ್ಕನ ಮುಂದೆ ಹಾಗೆ ಹೋಗಿ ನಿಲ್ಲಲೇ ಎಂದರು. ತೇಲಿಸುವುದೇ ಆ ಸ್ಪಂಜು, ತೆಗೆದದ್ದು ಎಲ್ಲಿ ಎಂದೆ. ದೋಣಿಯ ಸೀಟಿಗೆ ಮೆತ್ತೆ ಮಾಡಿದ್ದೀನಿ, ಅಕ್ಕನಿಗೆ ಈಗ ಮೈಯೆಲ್ಲ ಬರೀ ಮೂಳೆ, ಅವಳೂ ಒಂದು ಸುತ್ತು ಬರಲಿ ಅಂತ ಇತ್ತು ಎಂದರು. ಅಷ್ಟು ಹೇಳಿ, ನಾನು ಎಲ್ಲಿಗೂ ಬರಲ್ಲ ಎಂದು ಮನೆ ಕಡೆ ನಡೆದರು.

ಮನೆಯಲ್ಲಿ ಆಮೇಲೆ ಮೆಷಿನ್ನಿನ ಸದ್ದೇ ಇಲ್ಲ. ಅತ್ತೆ ಮುಖ ಗಂಟು ಹಾಕಿಕೊಂಡು ಕೂತರು. ನಮ್ಮವರು ಈ ಕೋಣೆಯಿಂದ ಆ ಕೋಣೆಗೆ ಸುದ್ದಿ ಸಾಗಿಸಿ ಸಾಗಿಸಿ ಸುಸ್ತಾದರು. ನಾನು ಸುಮ್ಮನೆ ದಡದ ಅಂಗಡಿಗೆ ಹೋಗಿ ಹೊಸ ಜಾಕೆಟ್ ತಂದೆ, ಕಣ್ಣು ಕುಕ್ಕುವ ಕಿತ್ತಳೆ ಬಣ್ಣದವು, ಹೆಗಲಿಗೆ ಸೀಟಿ ಕಟ್ಟಿದವು. ಕತ್ತರಿ ಆಡಿಸಿದ ಜಾಕೆಟ್ಟಿಗೆ ಹಳೇ ಸ್ಪಂಜನ್ನು ಮತ್ತೆ ತುಂಬಿದರೂ ನಂಬುವ ಹಾಗಿಲ್ಲ. ಹೋಗಬೇಕಾಗಿದ್ದ ದಿನ ಹೋಯಿತು. ಗಾಳಿ ಇನ್ನೂ ಎದ್ದಿರಲಿಲ್ಲ, ಆದರೆ ಸಂಜೆ ಹೊತ್ತು ಕಿಟಕಿ ಬಾಗಿಲು ಪಟಪಟ ಅನ್ನತೊಡಗಿತ್ತು. ಆಚೆ ದಡದಿಂದ ಫೋನು ಬಂತು. ಅತ್ತೆಯ ಅಕ್ಕನಿಗೆ ಗೋಡೆ ಗಡಿಯಾರದ ಮುಳ್ಳು ಈಗ ಕಾಣುತ್ತಿಲ್ಲವಂತೆ ಎಂದು ನಮ್ಮವರು ನನಗೆ ಮೆಲ್ಲಗೆ ಹೇಳಿದರು.

ನನಗೆ ತಡೆಯಲಾಗಲಿಲ್ಲ. ಹೊಸ ಜಾಕೆಟ್ ಹಿಡಿದು ಹೊಲಿಗೆ ಕೋಣೆಗೆ ನುಗ್ಗಿದೆ. ಅತ್ತೆ ಯಾರದೋ ಕೋಟನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು.

"ಅತ್ತೆ, ಟ್ರಯಲ್ ನೋಡ್ದೆ ನೀವು ಯಾರಿಗಾದ್ರೂ ಕೋಟು ಕೊಟ್ಟಿದ್ದೀರಾ?"

ಅವರು ಕತ್ತೆತ್ತಲಿಲ್ಲ. "ನನ್ನ ಕೈಯಿಂದ ಟ್ರಯಲ್ ಇಲ್ದೆ ಒಂದು ಗುಂಡಿನೂ ಹೊರಗೋಗಿಲ್ಲ."

"ನಾನೂ ಅಷ್ಟೇ ಮಾಡಿದ್ದು. ನಿಮ್ಮನ್ನ ಟಬ್ಬಲ್ಲಿ ಕೂರಿಸ್ತಿದ್ದೀನಿ ಅಂತ ನನಗೆ ಜೀವದಲ್ಲಿ ಜೀವ ಇಲ್ಲ. ನಡೀರಿ, ಇದಕ್ಕೂ ನೀವೇ ಟ್ರಯಲ್ ಕೊಡಿ."

ಅತ್ತೆ ಜಾಕೆಟ್ ಕಸಿದುಕೊಂಡು ಹೊಲಿಗೆ ತಿರುಗಿಸಿ ನೋಡಿದರು, ಪಟ್ಟಿ ಎಳೆದು ನೋಡಿದರು. ಹೊಲಿಗೆ ಪರವಾಗಿಲ್ಲ ಎಂದು ಎದ್ದರು.

ದಡದ ಇಳಿಜಾರಿನಲ್ಲಿ ಜಾಕೆಟ್ ತೊಡಿಸಿ, ಅವರ ಕೈ ಹಿಡಿದು ನೀರಿಗಿಳಿಸಿದೆ. ಜನ್ಮದಲ್ಲಿ ಮೊಣಕಾಲಿನ ಮೇಲೆ ನೀರು ಕಂಡವರಲ್ಲ. ಸೊಂಟಕ್ಕೆ ಬಂದಾಗ ನನ್ನ ಕೈಯನ್ನು ಉಗುರು ಊರುವಷ್ಟು ಬಿಗಿ ಹಿಡಿದರು. ಕೆಳಗಿನ ಪಟ್ಟಿ ಸಡಿಲವಿದ್ದರೆ ಜಾಕೆಟ್ ಮೇಲೇರಿ ಮೂಗು ಮುಚ್ಚುತ್ತದೆ, ಅದಕ್ಕೇ ಬಿಗಿದಿದ್ದೇನೆ, ಈಗ ಹಿಂದಕ್ಕೆ ಒರಗಿ ಎಂದೆ. ಒರಗಿದರು. ಕಾಲು ಮೇಲೆ ಬಂತು. ಅತ್ತೆ ಆಕಾಶ ನೋಡುತ್ತ ನೀರಿನ ಮೇಲೆ ಮಲಗಿಬಿಟ್ಟರು. ನಾನು ಒಂದು ಕೈ ಬಿಟ್ಟೆ, ಆಮೇಲೆ ಇನ್ನೊಂದನ್ನೂ ಬಿಟ್ಟೆ.

ಬಗ್ಗಿ ಅವರ ಮುಖ ನೋಡಿದರೆ, ಕಣ್ಣಲ್ಲಿ ನೀರು. ಬೆನ್ನು ನೋಯ್ತಾನೇ ಇಲ್ಲ ಕಣೇ ಎಂದರು. ಎಷ್ಟು ಕರೆದರೂ ಮೇಲೆ ಬರಲು ಒಪ್ಪಲಿಲ್ಲ. ದಡದಲ್ಲಿ ಟವೆಲ್ ಹಿಡಿದು ನಿಂತಿದ್ದ ನಮ್ಮವರು, ಲಾಸ್ಟ್ ಸ್ಟಾಪು ಇಳೀರಿ ಇಳೀರಿ ಎಂದು ಕೂಗಿದ ಮೇಲೆ ನಗುತ್ತ ಎದ್ದರು.

ಮರುದಿನ ಬೆಳಕು ಹರಿಯುವಾಗ ನೀರು ಕನ್ನಡಿಯಂತಿತ್ತು. ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಬರುತ್ತೇವೆ ಎಂದು ದಡದ ಅಂಗಡಿಯವನಿಗೆ ಹೇಳಿದೆ. ಬಿರಡೆ ಹಾಕಿದ್ದೀಯಾ ಎಂದು ಅತ್ತೆ ಕೇಳಿದರು. ಪೆಟ್ರೋಲ್ ಪೆಟ್ಟಿಗೆಗೆ ತಾವೇ ಮೂಗಿಟ್ಟು ನೋಡಿದರು. ನಾನು ಬಿದ್ದರೆ ಎಂಜಿನ್ ತಾನೇ ನಿಲ್ಲುವ ದಾರವನ್ನು ಮಣಿಕಟ್ಟಿಗೆ ಹಾಕಿಕೊಂಡೆನೋ ಇಲ್ಲವೋ ಎಂದು ಎಳೆದು ಪರೀಕ್ಷಿಸಿದರು. ನಮ್ಮವರು ರೈಟ್ ರೈಟ್ ಎಂದರು. ಅತ್ತೆಯನ್ನು ನಡುವೆ ಕೂರಿಸಿಕೊಂಡು ನಿಧಾನಕ್ಕೆ ಹೊರಟೆವು. ಅವರ ಮಡಿಲಲ್ಲಿ ಇನ್ನೊಂದು ಜಾಕೆಟ್ ಇತ್ತು, ಪಕ್ಕದಲ್ಲಿ ಆ ಮೆತ್ತೆ.

ಆಚೆ ದಡದ ಕಟ್ಟೆಯ ಮೇಲೆ ಅತ್ತೆಯ ಅಕ್ಕ, ನಮ್ಮ ದೊಡ್ಡತ್ತೆ, ತಮ್ಮ ಮಗಳ ತೋಳು ಹಿಡಿದು ನಿಂತಿದ್ದರು. ನಾನು ಎಂಜಿನ್ ತಗ್ಗಿಸಿ ತೆವಳುತ್ತ ಬಂದು ಕಟ್ಟೆಗೆ ಹಗ್ಗ ಹಾಕಿದೆ. ಹಗ್ಗ ಬಿಗಿಯುವ ತನಕ ಯಾರೂ ಏಳಬೇಡಿ ಎಂದಿದ್ದೆ, ಅತ್ತೆ ಏಳಲಿಲ್ಲ, ಕೂತಲ್ಲೇ ಮುಖ ಮೇಲೆತ್ತಿಕೊಂಡಿದ್ದರು. ಕೈ ಹಿಡಿದು ಹತ್ತಿಸಿದ ಮೇಲೆ ಅಕ್ಕನ ಮುಂದೆ ಹೋಗಿ ನಿಂತರು. ದೊಡ್ಡತ್ತೆ ಎರಡೂ ಕೈಯಲ್ಲಿ ತಂಗಿಯ ಮುಖ ಹಿಡಿದು, ಮೂಗಿಗೆ ಮೂಗು ತಾಗುವಷ್ಟು ಹತ್ತಿರ ಬಂದು ನೋಡಿದರು.

"ಎಷ್ಟು ಕೂದಲು ನೆರೆತಿದೆಯೇ ನಿಂಗೆ" ಎಂದರು. ಆಮೇಲೆ ಜಾಕೆಟ್ಟಿನ ಮೇಲೆ ಕೈಯಾಡಿಸಿದರು. "ನೀರಿನ ನಡುವೆ ಇರೋವಾಗ್ಲೇ ನನಗೆ ಈ ಬಣ್ಣ ಕಂಡ್ತು. ಇವಳಿಗೆ ಹೇಳ್ದೆ, ಅಗೋ ಬಂದ್ಲು ಅಂತ. ದೋಣಿ ಕಾಣ್ಲಿಲ್ಲ, ನೀನು ಕಂಡೆ."

ದೊಡ್ಡತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅತ್ತೆ ನನ್ನ ಕಡೆ ಒಮ್ಮೆ ನೋಡಿದರು. ಶಾಯಿ ನೀಲಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮಡಿಲಲ್ಲಿ ತಂದಿದ್ದ ಜಾಕೆಟ್ಟನ್ನು ಬಿಡಿಸಿ ಅಕ್ಕನ ತೋಳಿಗೆ ಏರಿಸಿದರು, ಟೈಲರ್ ಕೈಯಲ್ಲಿ ಹೆಗಲು ಸರಿಮಾಡಿದರು, ಕೆಳಗಿನ ಪಟ್ಟಿಯನ್ನು ಎಳೆದು ಬಿಗಿದರು.

"ಮೊದ್ಲು ಬಕಲ್ ಹಾಕ್ಕೋ, ಆಮೇಲೆ ಅಳು" ಎಂದರು, ತಾವೇ ಅಳುತ್ತ.