ದೊಮಿತಿಲಾ ಎಂಬ ಕೂಸು, ದೊಮಿತಿಲಾ ಎಂಬ ದೋಣಿ

ನಮ್ಮ ಕಡಲೂರು ಪುಂತಾ ಸೆಕಾದಲ್ಲಿ ದೋಣಿಗಳ ಮೂತಿಯ ಮೇಲೆ ಹೆಸರು ಬರೆಯುವವಳು ನಾನು, ಔರಿಸ್ತೇಲಾ. ಅಪ್ಪ ಕಲಿಸಿದ ಕೆಲಸ. ನಲವತ್ತು ವರ್ಷ ಬರೆದರೂ ಇವತ್ತಿಗೂ ಅಕ್ಷರ ಬಾರದವರೆಲ್ಲ ಪಕ್ಕದಲ್ಲಿ ನಿಂತು ತಪ್ಪು ಹುಡುಕುತ್ತಾರೆ. ಮೀನುಗಾರನಿಗೆ ಮೊದಲ ಹೆಣ್ಣುಮಗು ಹುಟ್ಟಿದರೆ ಅವಳ ಹೆಸರೇ ಅವನ ದೋಣಿಗೂ. ಇದು ನಮ್ಮಲ್ಲಿ ಅಜ್ಜಂದಿರ ಕಾಲದ ಪದ್ಧತಿ. ಪಾದ್ರಿ ಬರುವುದು ತಿಂಗಳಿಗೊಂದು ಭಾನುವಾರವಾದ್ದರಿಂದ ಕೂಸಿಗೂ ದೋಣಿಗೂ ಒಂದೇ ದಿನ, ಮರಳಿನ ಮೇಲೆ, ಒಂದೇ ಬಕೆಟ್ಟಿನ ನೀರಿನಲ್ಲಿ ಹೆಸರಿಡುವ ಜ್ಞಾನಸ್ನಾನ. ಕೂಸು ಅಳುತ್ತದೆ, ದೋಣಿ ಅಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಅಂಥದೊಂದು ಭಾನುವಾರಕ್ಕೆ ಐದು ದಿನ ಮೊದಲು ನನ್ನ ಅಕ್ಕನ ಮಗ ಹಸಿಂತೋ ಬಂದ. ಹೊಸ ಫೈಬರ್ ದೋಣಿ, ಹನ್ನೆರಡು ದಿನದ ಮಗಳು. ಕುಣಿಯಬೇಕಾದವನು ಬಾಯಿ ಕಟ್ಟಿದವನ ಹಾಗೆ ನಿಂತಿದ್ದ.

"ಹೆಸರು ಹೇಳೋ, ಬಣ್ಣ ಒಣಗ್ತಿದೆ."

"ಚಿಕ್ಕಮ್ಮಾ, ನೀವು ಮೊದಲು ಕೂತ್ಕೊಳ್ಳಿ."

"ಯಾಕೆ, ಅಷ್ಟು ಉದ್ದದ ಹೆಸರಾ?"

"ದೊಮಿತಿಲಾ."

ನಾನು ಕೂತೆ.

ದೊಮಿತಿಲಾ ಅಂದರೇನು ಎಂದು ನಮ್ಮೂರಿನ ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಅದು ಬೊನಿಫಾಸಿಯೋನ ಮರದ ದೋಣಿ, ಇಪ್ಪತ್ತು ವರ್ಷದ ಹಿಂದಿನ ಮಾತು. ಮೊದಲನೆಯ ಸಲ ಅದು ಮುಳುಗಿದ್ದು ಜ್ಞಾನಸ್ನಾನದ ದಿನವೇ. ಪಾದ್ರಿ ಚಿಮುಕಿಸಿದ ನೀರು ಆರುವ ಮುಂಚೆ, ಊರಿನ ಕುರುಡನಿಗೂ ಗೊತ್ತಿದ್ದ ಬಂಡೆಗೆ ಹೋಗಿ ಗುದ್ದಿತು. ರಿಪೇರಿ ಮಾಡಿಸಿದರು, ಹೆಸರನ್ನು ನಾನೇ ತಿದ್ದಿ ಬರೆದೆ. ಎರಡನೆಯ ಸಲ ಬೂತಾಯಿ ಮೀನು ಹಿಂಡುಹಿಂಡಾಗಿ ಸಿಕ್ಕಿ, ಬೊನಿಫಾಸಿಯೋ ಆಸೆಬುರುಕತನದಿಂದ ಅಂಚಿನವರೆಗೂ ತುಂಬಿಸಿದ. ದಡ ಕೂಗಳತೆಯಲ್ಲಿತ್ತು. ಇಡೀ ಊರು ಬುಟ್ಟಿ ಹಿಡಿದು ನೋಡುತ್ತಿದ್ದ ಹಾಗೆಯೇ ದೋಣಿ ಮೆಲ್ಲಗೆ ಕೆಳಗಿಳಿಯಿತು, ಮೀನುಗಳು ತಮ್ಮ ಮನೆಗೆ ಹೋದವು. ಮೂರನೆಯ ಸಲ ನಡುಗಡಲಲ್ಲಿ ಗಾಳಿಗೆ ಮಗುಚಿತು. ಬೊನಿಫಾಸಿಯೋ ಮತ್ತು ಅವನ ಜೊತೆಯವರು ಬುಡಮೇಲಾದ ದೋಣಿಯ ಬೆನ್ನಿನ ಮೇಲೆ ಒಂದೂವರೆ ದಿನ ಕೂತು, ಪಕ್ಕದೂರಿನ ದೋಣಿಯವರ ಕಣ್ಣಿಗೆ ಬಿದ್ದರು. ಅವನು ಕಟ್ಟಿಸಿಕೊಂಡಿದ್ದ ಹಲ್ಲು ಕಡಲಲ್ಲೇ ಉಳಿಯಿತು. ಯಾವ ಮಗಳ ಹೆಸರಿಟ್ಟಿದ್ದನೋ ಅವಳು ದೊಡ್ಡವಳಾದ ಮೇಲೆ ನಾಚಿಕೆಯಿಂದ ಗ್ವಾಯಾಕಿಲ್ ಪಟ್ಟಣ ಸೇರಿ ಜೆಸ್ಸಿಕಾ ಆದಳು.

ಅಂದಿನಿಂದ ನಮ್ಮಲ್ಲಿ ಕೆಟ್ಟುಹೋದದ್ದೆಲ್ಲ ದೊಮಿತಿಲಾ. ಫುಟ್‌ಬಾಲ್ ತಂಡ ಐದು ಗೋಲಿನಿಂದ ಸೋತರೆ ದೊಮಿತಿಲಾ. ಕೇಕು ಉಬ್ಬದಿದ್ದರೆ ದೊಮಿತಿಲಾ. ನನ್ನ ಮದುವೆಯೂ ಮೂರನೆಯ ವರ್ಷಕ್ಕೆ ದೊಮಿತಿಲಾ ಆಯಿತು.

ಹಸಿಂತೋನ ಹೆಂಡತಿ ನಾರ್ಸಿಸಾಗೆ ಇದೊಂದೂ ಗೊತ್ತಿರಲಿಲ್ಲ. ಅವಳು ಒಳನಾಡಿನ ಗುಡ್ಡದ ಕಡೆಯವಳು, ಕಳೆದ ವರ್ಷ ಮದುವೆಯಾಗಿ ಬಂದವಳು. ಮದುವೆಯ ಊಟದಲ್ಲಿ ಅವಳ ತಾಯಿ, ಒಣಕಲು ಪುಟ್ಟ ಹೆಂಗಸು, ಎದ್ದು ನಿಂತು, "ನಾನು ದೊಮಿತಿಲಾ. ನನ್ನ ಮಗಳನ್ನ ಚೆನ್ನಾಗಿ ನೋಡ್ಕೊಳ್ರಪ್ಪಾ" ಎಂದಾಗ ನೂರೈವತ್ತು ಜನರ ಗಂಟಲಲ್ಲಿ ಮೀನಿನ ಸಾರು ಸಿಕ್ಕಿಕೊಂಡಿತು. ಆದರೆ ನಮ್ಮವರಿಗೂ ಮಾನ ಮರ್ಯಾದೆ ಇದೆ. ಅಂದಿನಿಂದ ನಾರ್ಸಿಸಾಳ ಕಿವಿಗೆ ಬೀಳುವಂತೆ ಯಾರೂ ಆ ಮಾತು ಆಡಲಿಲ್ಲ. ಅವಳು ಅಂಗಡಿಯೊಳಗೆ ಕಾಲಿಟ್ಟರೆ ಸೋತ ತಂಡ ಬರೀ ಸೋತಿರುತ್ತಿತ್ತು. ಎರಡು ತಿಂಗಳ ಹಿಂದೆ ಆ ತಾಯಿ ತೀರಿಕೊಂಡಳು.

ಹಸಿಂತೋನ ಜೊತೆ ಕಡಲಿಗಿಳಿಯುವ ಮೂವರೂ ಹೆಸರು ಕೇಳಿದ ಗಳಿಗೆಯಲ್ಲೇ ಒಲ್ಲೆವೆಂದಿದ್ದರು. ಮೂವರಿಲ್ಲದೆ ಬಲೆ ಎಳೆಯುವಂತಿಲ್ಲ, ಬಲೆ ಎಳೆಯದೆ ಒಲೆ ಉರಿಯುವಂತಿಲ್ಲ.

"ಹೆಂಡತಿಗೆ ಹೇಳೋ" ಎಂದೆ.

"ಬಾಣಂತಿ, ಚಿಕ್ಕಮ್ಮಾ. ಅಮ್ಮನ್ನ ಬೇರೆ ಕಳ್ಕೊಂಡಿದ್ದಾಳೆ. ನೀವೇ ಹೇಳಿ."

"ನಾನ್ಯಾಕೆ?"

"ನೀವು ಕೂಸಿನ ಜ್ಞಾನತಾಯಿ, ಜ್ಞಾನಸ್ನಾನಕ್ಕೆ ಸಾಕ್ಷಿ ನಿಲ್ಲೋರು. ಅಲ್ಲದೆ, ನಿಮಗೆ ಹೇಗೂ ಕರುಣೆ ಗಿರುಣೆ ಇಲ್ಲ."

ಇದು ಹೊಗಳಿಕೆಯೋ ಬೈಗುಳವೋ ಎಂದು ಕೇಳುವಷ್ಟರಲ್ಲಿ ಓಡಿಹೋಗಿದ್ದ.

ಮರುದಿನ ನಾಟಿಕೋಳಿ ಸಾರು ಮಾಡಿಕೊಂಡು ಹೋದೆ. ನಾರ್ಸಿಸಾ ಮಗುವಿಗೆ ಹಾಲೂಡಿಸುತ್ತಿದ್ದಳು. ನಾನು ಉಸಿರು ಬಿಡದೆ ಮೂರೂ ಮುಳುಗಾಟ ಹೇಳಿ ಮುಗಿಸಿದೆ. ಅವಳು ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿಕೊಂಡಳು.

"ಹಾಗಾದ್ರೆ ಅವತ್ತು ಮದುವೆಲಿ ಎಲ್ರೂ ಕೆಮ್ಮಿದ್ದು ಮುಳ್ಳು ಸಿಕ್ಕಿ ಅಲ್ಲ."

"ಅಲ್ಲ ಮಗಳೇ."

"ಅಮ್ಮ ಸಾಯೋ ತನಕ ಹೇಳ್ತಿದ್ಲು, ಆ ಊರಿನ ಮೀನಲ್ಲಿ ಮುಳ್ಳು ಜಾಸ್ತಿ, ನೋಡ್ಕೊಂಡು ತಿನ್ನು ಅಂತ."

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳು ಅಳತೊಡಗಿದಳು. ಕರುಣೆಯಿಲ್ಲದ ನನ್ನ ಕಣ್ಣಲ್ಲೂ ನೀರು ಬಂತು. ಹಸಿಂತೋ ನೋಡಲಿಲ್ಲ, ಪುಣ್ಯ.

"ಪೆರ್ಲಾ ಅಂತಿಡೋಣ" ಎಂದೆ. "ಮಾರಿಸೋಲ್ ಕೂಡ ಚೆನ್ನಾಗಿದೆ."

"ಅಮ್ಮನಿಗೆ ಮಾತು ಕೊಟ್ಟಿದೀನಿ. ಇದನ್ನ ನೋಡೋಕೆ ನಾನಿರಲ್ಲ ಕಣೇ ಅಂತ ನನ್ನ ಹೊಟ್ಟೆ ಮೇಲೆ ಕೈಯಿಟ್ಟು, ತನ್ನ ಹೆಸರಲ್ಲೇ ಕರೆದ್ಲು. ಇದು ಒದೀತು. ಅಮ್ಮ ಕರೆದಾಗ ಕೂಸೇ ಓಗೊಟ್ಟ ಮೇಲೆ ಬೇರೆ ಹೆಸರು ಎಲ್ಲಿಂದ ತರಲಿ?"

"ದೋಣಿಗಾದ್ರೂ ಪೆರ್ಲಾ ಅಂತ ಬರೆದುಬಿಡ್ಲಾ?"

"ಬರೀರಿ. ಪೆರ್ಲಾ ಯಾರಮ್ಮಾ ಅಂತ ಊರವರು ಕೇಳೋದು ನನ್ನ ಗಂಡನ್ನಲ್ಲ, ನನ್ನನ್ನ."

ಅದೂ ನಿಜವೇ. ಹಿಂದೊಬ್ಬ ತನ್ನ ಮಗಳದಲ್ಲದ ಹೆಸರು ಬರೆಸಿದ್ದಕ್ಕೆ ಅವನ ಹೆಂಡತಿ ದೋಣಿಗೇ ಬೆಂಕಿಯಿಟ್ಟಿದ್ದಳು.

"ಭಾನುವಾರ ಆ ಮೂವರ ಹತ್ರ ನಾನೇ ಮಾತಾಡ್ತೀನಿ" ಎಂದಳು ನಾರ್ಸಿಸಾ. "ನೀವು ಬಣ್ಣ ತಗೊಂಡು ಬನ್ನಿ, ಸಾಕು."

ಭಾನುವಾರ ದೋಣಿ ಬೋಳು ಮೂತಿ ಹೊತ್ತು ಮರಳಿನ ಮೇಲೆ ನಿಂತಿತ್ತು. ಪಾದ್ರಿ ಬಕೆಟ್ಟಿನೊಂದಿಗೆ ಬಿಸಿಲಲ್ಲಿ ಬೆವರುತ್ತಿದ್ದರು. ಊರಿಗೆ ಊರೇ ನೆರೆದಿತ್ತು. ಜಗಳ ಆಗುವ ಲಕ್ಷಣವಿದ್ದರೆ ನಮ್ಮವರು ಪ್ರಾರ್ಥನೆಗೆ ತಪ್ಪುವುದಿಲ್ಲ. ಆ ಮೂವರು ದೂರದಲ್ಲಿ ಕೈಕಟ್ಟಿ ನಿಂತಿದ್ದರು. ನಾರ್ಸಿಸಾ ಮಗುವನ್ನೆತ್ತಿಕೊಂಡು ನೇರ ಅವರ ಮುಂದೆ ಹೋದಳು.

"ಬರಲ್ಲ ಅಂದೋರು ಯಾರು?"

ಉದ್ದನೆಯವನು ತಲೆ ತಗ್ಗಿಸಿದ. "ಬೇಜಾರು ಮಾಡ್ಕೋಬೇಡಿ ಅತ್ತಿಗೆ. ನಿಮ್ಮಮ್ಮನ ಮೇಲೆ ಗೌರವ ಇದೆ. ಆದ್ರೆ ಹೆಸರಿಗೂ ಒಂದು ಗುಣ ಅಂತ ಇರುತ್ತಲ್ಲ."

"ನಿನ್ನ ಹೆಸರೇನಪ್ಪಾ?"

"ಸ್ಟಾಲಿನ್."

ಪಾದ್ರಿ ಕೆಮ್ಮಿದರು. ಸ್ಟಾಲಿನ್ ಕೆಂಪಗಾದ. "ನಮ್ಮಪ್ಪ ರೇಡಿಯೋದಲ್ಲಿ ಕೇಳಿ ಇಟ್ಟಿದ್ದು, ಗಟ್ಟಿ ಹೆಸರು ಅಂತ. ನಾನು ಕೋಳಿ ಕುಯ್ಯೋಕೂ ಹೆದರ್ತೀನಿ ಅತ್ತಿಗೆ."

"ಹೌದೌದು, ಅವನ ಮನೇಲಿ ಹೆಂಡ್ತಿನೇ ಕುಯ್ಯೋದು!" ಎಂದು ಗುಂಪಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ನಾರ್ಸಿಸಾ ನಗಲಿಲ್ಲ.

"ಆ ದೋಣಿ ಮೂರು ಸಲ ಮುಳುಗಿತಲ್ಲ, ಸತ್ತೋರು ಯಾರು?"

ಇಪ್ಪತ್ತು ವರ್ಷ ಆ ದೋಣಿಯನ್ನು ಆಡಿಕೊಂಡ ನಮಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಗುಂಪಿನಲ್ಲಿದ್ದ ಬೊನಿಫಾಸಿಯೋ ಬೊಚ್ಚುಬಾಯಿ ತೆರೆದ.

"ನನ್ನ ಹಲ್ಲು ಹೋಯ್ತು."

"ಮನುಷ್ಯರು?"

"ಮನುಷ್ಯರು ಯಾರೂ ಇಲ್ಲ ತಾಯಿ. ಮೂರು ಸಲನೂ ನಾಲ್ಕು ಜನ ಹೋದ್ವಿ, ನಾಲ್ಕು ಜನ ಬಂದ್ವಿ."

ಆಗ ಗುಂಪಿನ ಹಿಂದಿನಿಂದ ಮುದುಕಿ ಫಿಲೋಮೆನಾ ದಾರಿ ಮಾಡಿಕೊಂಡು ಮುಂದೆ ಬಂದಳು. ಅವಳಿಗೆ ಹೆಣ್ಣುಮಕ್ಕಳಿರಲಿಲ್ಲ, ಹಾಗಾಗಿ ಅವಳ ಗಂಡ ತನ್ನ ದೋಣಿಗೆ ಭದ್ರ ನಕ್ಷತ್ರ ಎಂದು ಹೆಸರಿಟ್ಟಿದ್ದ. ಅದನ್ನೂ ನಾನೇ ಬರೆದಿದ್ದೆ, ಚಿನ್ನದ ಬಣ್ಣದಲ್ಲಿ, ಸುತ್ತ ಹೂಬಳ್ಳಿ ಬಿಡಿಸಿ. ಅದರಲ್ಲಿ ಹೋದ ಗಂಡನೂ ಬರಲಿಲ್ಲ, ಮಗನೂ ಬರಲಿಲ್ಲ, ದೋಣಿಯ ಒಂದು ಹಲಗೆಯೂ ದಡಕ್ಕೆ ಬರಲಿಲ್ಲ.

"ನನ್ನ ಮಗ ದೊಮಿತಿಲಾದಲ್ಲಿ ಹೋಗಿದ್ರೆ ಒದ್ದೆಯಾಗಿ ಮನೆಗೆ ಬರ್ತಿದ್ದ" ಎಂದಳು. "ನಾನು ಬೈತಿದ್ದೆ. ಬೈಕೊಂಡೇ ಬಟ್ಟೆ ಒಣಗಿಸ್ತಿದ್ದೆ." ಆಮೇಲೆ ನನ್ನ ಕಡೆ ತಿರುಗಿ ಗದರಿದಳು. "ಬರಿಯೇ ಔರಿಸ್ತೇಲಾ. ಬಾಯಿ ಬಿಟ್ಕೊಂಡು ಏನು ನೋಡ್ತೀಯ?"

ಬರೆದೆ. ಮೂರನೆಯ ಅಕ್ಷರ ಸ್ವಲ್ಪ ಸೊಟ್ಟಗಾಯಿತು. ಅವತ್ತು ಮಾತ್ರ ಯಾರೂ ತಪ್ಪು ಹುಡುಕಲಿಲ್ಲ. ಪಾದ್ರಿ ಮೊದಲು ಕೂಸಿಗೆ, ಆಮೇಲೆ ದೋಣಿಗೆ ನೀರು ಹಾಕಿದರು. ಕೂಸು ಇಬ್ಬರ ಪಾಲಿನದನ್ನೂ ಅತ್ತಿತು.

ಸೋಮವಾರ ಬೆಳಿಗ್ಗೆ ದೋಣಿ ಇಳಿಸುವ ಹೊತ್ತಿಗೆ ಮೂವರೂ ಬಂದರು. ಒಬ್ಬೊಬ್ಬರ ಸೊಂಟದ ಸುತ್ತ ನಾಲ್ಕು ನಾಲ್ಕು ಖಾಲಿ ಎಣ್ಣೆ ಡಬ್ಬಿ, ಬಿಗಿಯಾಗಿ ಮುಚ್ಚಳ ಹಾಕಿ ಹಗ್ಗದಿಂದ ಕಟ್ಟಿಕೊಂಡಿದ್ದರು. ನಡೆದರೆ ಲಡಲಡ ಸದ್ದು.

"ಇನ್ನೂ ನಂಬಿಕೆ ಬಂದಿಲ್ವಾ?" ಎಂದು ನಾರ್ಸಿಸಾ ಸೊಂಟದ ಮೇಲೆ ಕೈಯಿಟ್ಟಳು.

"ಪೂರ್ತಿ ನಂಬಿಕೆ ಬಂದಿದೆ ಅತ್ತಿಗೆ" ಎಂದ ಸ್ಟಾಲಿನ್. "ಮುಳುಗೋದೂ ಗ್ಯಾರಂಟಿ, ವಾಪಸ್ ಬರೋದೂ ಗ್ಯಾರಂಟಿ. ನಡುವೆ ತೇಲೋಕೆ ಇದು."

ಹಸಿಂತೋಗೂ ಅವನು ನಾಲ್ಕು ಡಬ್ಬಿ ತಂದಿದ್ದ. ನಾಲ್ಕು ಜನರೆದುರು ನನ್ನ ಮಾನ ಕಳೀಬೇಡಿ ಎಂದು ಹಸಿಂತೋ ಹಿಂದೆ ಸರಿದ. ನಾರ್ಸಿಸಾ ಕೂಸನ್ನು ನನ್ನ ಕೈಗೆ ಕೊಟ್ಟು, ಹಗ್ಗ ಕಿತ್ತುಕೊಂಡು, ಒಂದಕ್ಕೆ ಎರಡು ಗಂಟು ಹಾಕಿ ಡಬ್ಬಿಗಳನ್ನು ಗಂಡನ ಸೊಂಟಕ್ಕೆ ತಾನೇ ಕಟ್ಟಿದಳು.