ಖಲಾಸ್ ಎಂದವರು ಯಾರು?

ಆಫರ್ ಮುಗಿಯುವ ರಾತ್ರಿ ಒಂಬತ್ತು ಗಂಟೆಗೆ ಇನ್ನು ಐವತ್ತು ನಿಮಿಷ ಉಳಿದಿತ್ತು.

ಕೊಲ್ಲಿ ನಾಡಿನ ರಾಯ್ ಬಡಾವಣೆಯ ಆ ರಸ್ತೆಯ ಎಡಬದಿಗೆ ಹಳೆಯ ಇಂಟರ್ನೆಟ್ ಕಂಪನಿಯ ಕಚೇರಿ, ಬಲಬದಿಗೆ ಹೊಸ ಕಂಪನಿಯ ಷೋರೂಮ್. ಎಡಗಡೆಯಿಂದ ಒಂದು ಬಿಡುಗಡೆ ಪತ್ರ ಪಡೆದು, ರಸ್ತೆ ದಾಟಿ ಬಲಗಡೆ ಕೊಟ್ಟರೆ ಅರವತ್ತು ದಿನಾರ್ ಕ್ಯಾಶ್‌ಬ್ಯಾಕ್. ಒಂದು ವರ್ಷದ ಒಪ್ಪಂದ ಮೂರು ದಿನಗಳ ಹಿಂದೆ, ಮೇ ಹದಿನಾಲ್ಕಕ್ಕೆ ಮುಗಿದಿತ್ತು. ಆದ್ದರಿಂದ ಪತ್ರ ಕೊಡಲು ಯಾರಿಗೂ ತಕರಾರು ಇರಬಾರದು ಎಂಬ ಭರವಸೆಯಲ್ಲೇ ಅಡೋಲ್ಫ್ ಯಾನೆ ಡೋಲ್ಫಿ ಡಿಸೋಜ ಹೆಂಡತಿ ಆಲಿವ್‌ಳೊಂದಿಗೆ ಕೌಂಟರಿನ ಮುಂದೆ ಕುಳಿತಿದ್ದ.

ಕೌಂಟರಿನಾಚೆ ಇದ್ದ ಹಸನಬ್ಬ ಬಂಟ್ವಾಳದ ಕಡೆಯವನು. ಊರಿನವರು ಸಿಕ್ಕರೆ ಕೆಲಸದ ನಡುವೆಯೂ ಕನ್ನಡಕ್ಕೆ ಇಳಿಯುತ್ತಿದ್ದ; ಕ್ರಿಶ್ಚಿಯನ್ನರನ್ನು ಊರಿನ ರೂಢಿಯಂತೆ ಪೊರ್ಬುಗಳು ಎಂದೇ ಕರೆಯುತ್ತಿದ್ದ. ಕಂಪ್ಯೂಟರಿನಲ್ಲಿ ಏನನ್ನೋ ನೋಡಿ ಅವನು ಮುಖ ಸಣ್ಣದು ಮಾಡಿದ.

"ಪತ್ರ ಕೊಡ್ಲಿಕ್ಕೆ ಆಗ್ತದೆ, ಪೊರ್ಬುಗಳೇ. ತೊಂಬತ್ತು ದಿನಾರ್ ಕಟ್ಟಬೇಕು."

"ಎಂತಕ್ಕೆ?"

"ನಡುವಲ್ಲಿ ಬಿಡುವುದಕ್ಕೆ ದಂಡ. ಒಪ್ಪಂದ ಮುಂದಿನ ಮೇವರೆಗೆ ಉಂಟಲ್ಲ."

ಡೋಲ್ಫಿ ಕುರ್ಚಿಯಿಂದ ಅರ್ಧ ಎದ್ದ. ಮೀನಾ ಅಬ್ದುಲ್ಲಾ ಎಂಬ ಕೈಗಾರಿಕಾ ಪ್ರದೇಶದ ಗುತ್ತಿಗೆ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದ ಅವನು ಹನ್ನೊಂದು ವರ್ಷಗಳಲ್ಲಿ ಒಂದು ಬೋಲ್ಟನ್ನೂ ಸಹಿಯಿಲ್ಲದೆ ಹೊರಗೆ ಬಿಟ್ಟವನಲ್ಲ. ಈ ಕಂಪನಿ ಬದಲಾವಣೆಯನ್ನೂ ಅವನು ಅಷ್ಟೇ ಎಚ್ಚರಿಕೆಯಿಂದ ಯೋಜಿಸಿದ್ದ. ಮನೆಯ ಲೈನು ಮಾರ್ಚ್‌ನಿಂದಲೇ ಗಳಿಗೆಗೊಮ್ಮೆ ಕಡಿದುಹೋಗುತ್ತಿತ್ತು. ಆಗಲೇ ಬಿಡೋಣವೆಂದು ಆಲಿವ್ ಹೇಳಿದಾಗ ಅವನು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದು ತೋರಿಸಿದ್ದ: ಈಗ ಬಿಟ್ಟರೆ ತೊಂಬತ್ತು ದಂಡ, ಅರವತ್ತು ಕ್ಯಾಶ್‌ಬ್ಯಾಕ್, ಅಂದರೆ ಮೂವತ್ತು ನಷ್ಟ. ಮೇ ಹದಿನಾಲ್ಕರ ಬಳಿಕವಾದರೆ ಅರವತ್ತೂ ಲಾಭ. ಅಲ್ಲಿಯವರೆಗೆ ರಿಪೇರಿಗೂ ಕರೆಯಕೂಡದು. ಕರೆದರೆ ಅದನ್ನೇ ನೆಪ ಮಾಡಿ ಒಪ್ಪಂದ ಮುಂದುವರಿಸುತ್ತಾರೆ.

ಆಲಿವ್ ಕಾದಳು. ಅವಳು ನರ್ಸ್ ಆಗಿದ್ದ ಖಾಸಗಿ ಕ್ಲಿನಿಕ್ ಜೂನ್ ಕೊನೆಗೆ ಮುಚ್ಚುವುದಿತ್ತು; ಅದರೊಂದಿಗೆ ಅವಳ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಕೂಡ ಮುಗಿಯುತ್ತಿತ್ತು. ಐರ್ಲೆಂಡಿನ ಆಸ್ಪತ್ರೆಯೊಂದು ಮೇ ಎಂಟರಂದು ಸ್ಕೈಪ್‌ನಲ್ಲಿ ಸಂದರ್ಶನಕ್ಕೆ ಕರೆದಿತ್ತು. ಆ ದಿನ ಲೈನು ನಾಲ್ಕು ಸಲ ಕಡಿಯಿತು. ಐದನೆಯ ಸಲ ಅವರೇ ನಿಲ್ಲಿಸಿದರು. ಎಷ್ಟೋ ಬೇಡಿಕೊಂಡ ಮೇಲೆ ಇನ್ನೊಂದು ದಿನ ಕೊಟ್ಟಿದ್ದರು: ಬರುವ ಸೋಮವಾರ. ಅದೇ ಕೊನೆಯ ಅವಕಾಶ. ಬೇರೆಯವರ ಮನೆಗೆ ಹೋಗೋಣವೆಂದರೆ, ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬಳೇ ಇರಬೇಕೆಂಬುದು ಅವರ ಷರತ್ತು. ಅವರು ವಾಸವಿದ್ದ ಅಬ್ಬಾಸಿಯಾದಲ್ಲಿ ಎರಡೆರಡು ಸಂಸಾರ ಹಂಚಿಕೊಂಡ ಫ್ಲಾಟುಗಳಲ್ಲಿ ಅಂಥ ಕೋಣೆ ಯಾರ ಬಳಿ ಇತ್ತು?

"ನಾನು ಎಲ್ಲಿಯೂ ಸಹಿ ಹಾಕಲಿಲ್ಲ. ಸಹಿ ತೋರಿಸು," ಎಂದ ಡೋಲ್ಫಿ.

"ಸಹಿ ಬೇಕಿಲ್ಲ. ಫೋನಿನಲ್ಲಿ ಒಪ್ಪಿದರೆ ಸಾಕು. ಏಪ್ರಿಲ್ ಹದಿನೆಂಟು, ಸಾಯಂಕಾಲ ನಾಲ್ಕೂ ನಲವತ್ತು. ನಿಮ್ಮ ಮನೆಯ ಲ್ಯಾಂಡ್‌ಲೈನಿಗೆ ಫೋನ್ ಹೋಗಿದೆ, ಒಪ್ಪಿದ್ದಾರೆ ಅಂತ ಬರೆದಿದೆ."

ಡೋಲ್ಫಿ ನಿಧಾನವಾಗಿ ಹೆಂಡತಿಯ ಕಡೆಗೆ ತಿರುಗಿದ. "ನಾಲ್ಕೂ ನಲವತ್ತಕ್ಕೆ ನಾನು ಮೀನಾ ಅಬ್ದುಲ್ಲಾದಲ್ಲಿ. ಮನೆಯಲ್ಲಿ ಇದ್ದದ್ದು ಯಾರು?"

"ನನ್ನನ್ನು ಎಂತ ನೋಡುವುದು? ನಾನು ಆ ಫೋನ್ ಮುಟ್ಟುವುದೇ ಇಲ್ಲ."

"ಡ್ಯೂಟಿ ಮುಗಿಸಿ ಬಂದು ಅರ್ಧ ನಿದ್ದೆಯಲ್ಲಿ ಎತ್ತಿರ್ತೀ. ಅವನು ಏನೋ ಕೇಳಿದ, ನೀನು ಯೆಸ್ ಯೆಸ್ ಅಂದೆ. ಎರಡು ತಿಂಗಳು ನಾನು ಕೂತು ಲೆಕ್ಕ ಹಾಕಿದ್ದು, ನಿನ್ನ ಒಂದು ಯೆಸ್‌ನಲ್ಲಿ ಹೋಯ್ತು."

"ಡೋಲ್ಫಿ, ಇಲ್ಲಿ ಬೇಡ."

"ಇಲ್ಲಿಯೇ ಬೇಕು. ಹಸನಬ್ಬ, ಮಾತು ರೆಕಾರ್ಡ್ ಆಗ್ತದಲ್ಲ? ಹಾಕು ಮಾರಾಯ. ಒಪ್ಪಂದ ನನ್ನ ಹೆಸರಿನಲ್ಲಿ ಉಂಟು, ಸಿವಿಲ್ ಐಡಿ ನನ್ನದು. ಹೆಂಡತಿ ಒಪ್ಪಿದರೆ ಅದು ನಡೆಯುವುದಿಲ್ಲ. ದಂಡವೂ ಇಲ್ಲ, ಎಂತದ್ದೂ ಇಲ್ಲ."

ಹಸನಬ್ಬ ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದ. ರೆಕಾರ್ಡ್ ಹುಡುಕಲು ಹದಿನೈದು ನಿಮಿಷ ಬೇಕಂತೆ. ಡೋಲ್ಫಿ ಗಾಜಿನಾಚೆ ನೋಡಿದ. ರಸ್ತೆಯ ಆ ಬದಿಯಲ್ಲಿ ಹೊಸ ಕಂಪನಿಯ ಬಾಗಿಲಲ್ಲಿ ಇಬ್ಬರು ಬಲೂನುಗಳನ್ನು ಬಿಚ್ಚತೊಡಗಿದ್ದರು. ಅವನ ಮೊಬೈಲು ಎರಡು ಸಲ ಹೊಡೆದುಕೊಂಡಿತು: ಆ ಕಂಪನಿಯ ಸೇಲ್ಸ್‌ಮ್ಯಾನ್ ಬರ್ನಾರ್ಡ್. "ಐದೇ ನಿಮಿಷ, ಬಂದೆ," ಎಂದು ಡೋಲ್ಫಿ ಎರಡು ಸಲವೂ ಹೇಳಿದ. ಆಲಿವ್ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಎದುರಿನ ಗೋಡೆಯನ್ನು ನೋಡುತ್ತಿದ್ದಳು. ಅಲ್ಲಿ ನಗುವ ಸಂಸಾರವೊಂದು ಲ್ಯಾಪ್‌ಟಾಪಿನ ಸುತ್ತ ಕುಳಿತ ಜಾಹೀರಾತಿತ್ತು.

ಕೊನೆಗೆ ಹಸನಬ್ಬ ಸ್ಪೀಕರನ್ನು ಅವರ ಕಡೆಗೆ ತಿರುಗಿಸಿದ.

ಗರಗರ ಸದ್ದು. ಬಳಿಕ ಅರಬ್ ಯುವಕನೊಬ್ಬನ ಧ್ವನಿ: "ಮಿಸ್ಟರ್ ಅಡೋಲ್ಫ್? ಯುವರ್ ಇಯರ್ ಫಿನಿಶ್, ಮೇ ಫೋರ್ಟೀನ್. ಅಗೇನ್ ಒನ್ ಇಯರ್, ಸೇಮ್ ಸೇಮ್. ಖಲಾಸ್?"

ಮತ್ತು ಉತ್ತರ. ಗಟ್ಟಿಯಾದ, ಆತುರದ, ಯಾವ ಅನುಮಾನಕ್ಕೂ ಎಡೆಯಿಲ್ಲದ ಗಂಡುದನಿ:

"ಯೆಸ್, ಖಲಾಸ್! ಖಲಾಸ್, ಭಾಯಿ, ಖಲಾಸ್! ಯಲ್ಲಾ, ಬೈ!"

ಡೋಲ್ಫಿಗೆ ಆ ದಿನ ಈಗ ನೆನಪಾಯಿತು. ಧೂಳಿನ ಬಿರುಗಾಳಿ ಎದ್ದು ಮೀನಾ ಅಬ್ದುಲ್ಲಾದ ಬಸ್ಸುಗಳೆಲ್ಲ ಎರಡು ಗಂಟೆಗೇ ಹೊರಟಿದ್ದವು. ಮನೆಗೆ ಬಂದು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾಗ ಫೋನ್ ಬಡಿದುಕೊಂಡಿತ್ತು, ಕಣ್ಣಲ್ಲಿ ಸೋಪಿತ್ತು.

"ಅವನು ವರ್ಷ ಮುಗಿಯಿತಾ ಅಂತ ಕೇಳಿದ," ಎಂದ ಡೋಲ್ಫಿ. ಧ್ವನಿ ಅರ್ಧಕ್ಕೆ ಇಳಿದಿತ್ತು. "ಮುಗಿಯಿತು ಅಂದೆ. ಖಲಾಸ್ ಅಂದರೆ ಮುಗಿಯಿತು ಅಂತ ಅಲ್ವಾ? ಊರಲ್ಲಿ ಮೀನು ಖಲಾಸ್ ಅಂದರೆ ಇನ್ನೊಂದು ಬುಟ್ಟಿ ಉಂಟು ಅಂತ ಅರ್ಥವಾ?"

"ಊರಲ್ಲಿ ಮುಗಿಯಿತು," ಎಂದ ಹಸನಬ್ಬ. ಅವನಿಗೆ ನಗು ತಡೆಯುವುದೇ ಕಷ್ಟವಾಗಿತ್ತು. "ಇಲ್ಲಿ ವ್ಯಾಪಾರದಲ್ಲಿ ಖಲಾಸ್ ಅಂದರೆ ಮಾತು ಮುಗಿಯಿತು, ಕುದುರಿತು, ಆಯಿತು ಅಂತ. ನೀವು ಒಂದಲ್ಲ, ಮೂರು ಸಲ ಕುದುರಿಸಿದ್ದೀರಿ, ಪೊರ್ಬುಗಳೇ."

ಆಲಿವ್ ನಗಲಿಲ್ಲ. "ತೊಂಬತ್ತು ಕಟ್ಟಿದರೆ ಲೈನು ಯಾವಾಗ ಬಿಡ್ತೀರಿ?" ಎಂದು ನೇರವಾಗಿ ಹಸನಬ್ಬನನ್ನೇ ಕೇಳಿದಳು.

"ಮೂರು ಕೆಲಸದ ದಿನ, ಸಿಸ್ಟರ್. ನಾಳೆ ಶುಕ್ರ, ನಾಡಿದ್ದು ಶನಿ ರಜೆ. ಮಂಗಳವಾರ ಆಗ್ತದೆ."

"ಸೋಮವಾರ ಮಧ್ಯಾಹ್ನ ಎರಡು ಗಂಟೆಗೆ ನನಗೆ ಲೈನು ಬೇಕು. ಒಂದು ಗಂಟೆ ಹೊತ್ತು ಕಡಿಯದ ಲೈನು."

ಹಸನಬ್ಬನ ಮುಖದಿಂದ ನಗು ಮಾಯವಾಯಿತು. ಅವನು ಮತ್ತೊಮ್ಮೆ ಪರದೆಯ ಮೇಲೆ ಬಗ್ಗಿದ. "ಬಿಟ್ಟು ಹೋಗುವವರಿಗೆ ನಾವು ಜನ ಕಳಿಸುವುದಿಲ್ಲ. ಮುಂದುವರಿಸಿದವರಿಗಾದರೆ ರಜೆಯಲ್ಲೂ ಕಳಿಸ್ತೇವೆ. ಈ ಫಾರ್ಮಿಗೆ ಸಹಿ ಹಾಕಿದರೆ ಶನಿವಾರ ಬೆಳಿಗ್ಗೆ ಟೆಕ್ನೀಷಿಯನ್ ಬರ್ತಾನೆ."

ಫಾರ್ಮು ಇಂಗ್ಲಿಷ್ ಮತ್ತು ಅರಬಿಯಲ್ಲಿತ್ತು. ಗ್ರಾಹಕನು ತನ್ನ ಸ್ವಂತ ಇಚ್ಛೆಯಿಂದ, ಸಂಪೂರ್ಣ ತಿಳಿವಳಿಕೆಯಿಂದ ಒಪ್ಪಂದವನ್ನು ಮುಂದುವರಿಸಲು ಒಪ್ಪಿದ್ದಾನೆ ಎಂಬುದು ಅದರ ಮೊದಲ ಸಾಲು.

"ಇದಕ್ಕೆ ನಾನು ಸಹಿ ಹಾಕುವುದಿಲ್ಲ," ಎಂದ ಡೋಲ್ಫಿ. "ಸಂಪೂರ್ಣ ತಿಳಿವಳಿಕೆಯಂತೆ! ಮಿನಿಸ್ಟ್ರಿಗೆ ದೂರು ಕೊಡ್ತೇನೆ. ಒಂದು ಶಬ್ದಕ್ಕೆ ತೊಂಬತ್ತು ದಿನಾರ್ ಯಾವ ದೇಶದಲ್ಲಿ ಉಂಟು?"

"ದೂರು ಯಾವಾಗ ಇತ್ಯರ್ಥ ಆಗ್ತದೆ?" ಎಂದು ಕೇಳಿದಳು ಆಲಿವ್.

"ಆಗಲಿ ಯಾವಾಗಾದರೂ. ಇದು ನ್ಯಾಯದ ಪ್ರಶ್ನೆ."

"ಮಾರ್ಚ್‌ನಲ್ಲಿ ಬಿಟ್ಟಿದ್ದರೆ ನಷ್ಟ ಎಷ್ಟು ಅಂದಿದ್ದಿರಿ?"

ಡೋಲ್ಫಿ ಫಾರ್ಮನ್ನು ಹಸನಬ್ಬನ ಕಡೆಗೆ ಸರಿಸಿದ.

"ಮೂವತ್ತು," ಎಂದಳು ಆಲಿವ್. "ಈಗ ಬಿಟ್ಟರೂ ಮೂವತ್ತೇ. ನಡುವೆ ಹೋದದ್ದು ನನ್ನ ಇಂಟರ್‌ವ್ಯೂ. ಅದನ್ನು ನೀವು ಯಾವ ಕಾಲಮ್ಮಿನಲ್ಲಿ ಬರೆದಿದ್ದೀರಿ?"

"ಆಲಿವ್..."

"ಸಿವಿಲ್ ಐಡಿ ನಿಮ್ಮದು, ಒಪ್ಪಂದ ನಿಮ್ಮದು ಅಂತ ಈಗಷ್ಟೇ ಹೇಳಿದ್ರಲ್ಲ. ಹೆಂಡತಿಯ ಒಪ್ಪಿಗೆ ನಡೆಯುವುದಿಲ್ಲ. ಸಹಿಯೂ ನಡೆಯುವುದಿಲ್ಲ. ನನ್ನ ಕೈಯಲ್ಲಿ ಆಗುವುದಾದರೆ ನಿಮ್ಮನ್ನು ಕೇಳುತ್ತಲೇ ಇರಲಿಲ್ಲ."

ಮೊಬೈಲು ಮೂರನೆಯ ಸಲ ನಡುಗಿತು. ಬರ್ನಾರ್ಡ್. ಗೋಡೆಯ ಗಡಿಯಾರದಲ್ಲಿ ಒಂಬತ್ತಕ್ಕೆ ನಾಲ್ಕು ನಿಮಿಷ. ಎದುರಿನ ಷೋರೂಮಿನ ಅರ್ಧ ದೀಪಗಳು ಆರಿದವು. ಡೋಲ್ಫಿ ಫೋನನ್ನು ನೋಡಿದ, ಫಾರ್ಮನ್ನು ನೋಡಿದ, ಹೆಂಡತಿಯನ್ನು ನೋಡುವ ಧೈರ್ಯ ಮಾಡಲಿಲ್ಲ. ಫೋನ್ ತಾನಾಗಿ ನಿಂತಿತು. ಹಸನಬ್ಬ ಪೆನ್ನಿನ ಮುಚ್ಚಳ ತೆಗೆದು ಮುಂದಿಟ್ಟ. ಹನ್ನೊಂದು ವರ್ಷಗಳಲ್ಲಿ ಸಾವಿರಾರು ಸಹಿ ಹಾಕಿದ್ದ ಆ ಕೈ, ಈ ಒಂದನ್ನು ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಸರಿಯಾಗಿ ಬರೆಯಿತು.

ಶನಿವಾರ ಹತ್ತು ಗಂಟೆಗೆ ಟೆಕ್ನೀಷಿಯನ್ ಬಂದ. ಬಂದವನು ಮೋಡೆಮ್ಮನ್ನು ಮುಟ್ಟಲೇ ಇಲ್ಲ. ನೇರ ಕಟ್ಟಡದ ಕೆಳಗಿನ ಫೋನ್ ಪೆಟ್ಟಿಗೆಗೆ ಹೋಗಿ, ಅಲ್ಲಿಂದ ಗೋಡೆಯ ಹೊರಗೆ ಮೂರನೆಯ ಮಹಡಿಯವರೆಗೆ ಹತ್ತಿದ ತಂತಿಯನ್ನು ಕೈಯಿಂದ ಎಳೆದ. ಬಿಸಿಲಿಗೆ ಅದರ ಮೈ ಸುಲಿದು ತಾಮ್ರ ಹಸಿರುಗಟ್ಟಿತ್ತು. ಇಪ್ಪತ್ತು ನಿಮಿಷದಲ್ಲಿ ಹೊಸ ತಂತಿ ಹಾಕಿ ಮುಗಿಸಿದ. ಯಾವ ಕಂಪನಿಗೆ ಹೋದರೂ ಇದೇ ತಂತಿಯಲ್ಲಿ ಬರಬೇಕಿತ್ತು, ಹೋಗದಿದ್ದದ್ದು ಒಳ್ಳೆಯದಾಯಿತು, ಮಾರ್ಚ್‌ನಲ್ಲೇ ಒಂದು ಫೋನ್ ಮಾಡಿದ್ದರೆ ಅಂದೇ ಬರುತ್ತಿದ್ದೆ ಎಂದು ಹಿಂದಿಯಲ್ಲಿ ಹೇಳುತ್ತಾ ಅವನು ಚೀಲ ಕಟ್ಟಿದ. ಡೋಲ್ಫಿ ಅವನಿಗೆ ನೀರು ಕೊಡುವುದನ್ನೂ ಮರೆತು ನಿಂತಿದ್ದ.

ಸೋಮವಾರ ಅವನು ಅರ್ಧ ದಿನದ ರಜೆ ಹಾಕಿ ಮನೆಗೆ ಬಂದ. ಎರಡು ಗಂಟೆಗೆ ಮುಚ್ಚಿದ ಕೋಣೆಯ ಬಾಗಿಲು ಮೂರೂ ಹತ್ತಕ್ಕೆ ತೆರೆಯಿತು. ಲೈನು ಒಮ್ಮೆಯೂ ಕಡಿದಿರಲಿಲ್ಲ. ಆಲಿವ್ ಹೊರಗೆ ಬಂದು ಫ್ರಿಜ್ಜಿನಿಂದ ನೀರು ತೆಗೆದು ನಿಂತಲ್ಲೇ ಕುಡಿದಳು.

"ಎಂತ ಆಯ್ತು?"

"ತಗೊಂಡರು. ಆಗಸ್ಟ್‌ನಲ್ಲಿ ಸೇರಬೇಕು."

ಡೋಲ್ಫಿ ಎದ್ದು ಅವಳ ಬಳಿಗೆ ಎರಡು ಹೆಜ್ಜೆ ಬಂದ. ಅವಳು ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು, ತಲೆ ಎತ್ತಲಿಲ್ಲ.

"ಗಂಡನೂ ಬರ್ತಾರಾ ಅಂತ ಕೇಳಿದರು."

"ನೀನು ಎಂತ ಹೇಳಿದೆ?"

"ಗೊತ್ತಿಲ್ಲ, ಅವರು ಲೆಕ್ಕ ಹಾಕಿ ಹೇಳ್ತಾರೆ, ಅಂದೆ."